ಒಂಬತ್ತು ಗೂಟ

ಒಂಬತ್ತು ಗೂಟ, ಒಂಬತ್ತು ತೂತು.
ಎಡಗೈಗೆ ಇಪ್ಪತ್ತಮೂರು ಸೆಕೆಂಡು.
ಲಕ್ವ ಹೊಡೆದ ಬಲಗೈಗೆ ಎರಡು ನಿಮಿಷ ಕಾದೆ,
ಆಮೇಲೆ ಗಡಿಯಾರವನ್ನು ನಾನೇ ನಿಲ್ಲಿಸಿದೆ.

ಸೆತೂಬಲ್ ಬಂದರಿನ ಡಬ್ಬಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಬೂತಾಯಿಯ ತಲೆ ಮುರಿದ ಕೈ ಇದು.
ನಿಮಿಷಕ್ಕೆ ಎಷ್ಟು ಮುರಿಯುತ್ತಿದ್ದಿರಿ, ಕೇಳಿದೆ.
"ಎಣಿಸುತ್ತಿದ್ದವನು ಮೇಸ್ತ್ರಿ, ನಾನಲ್ಲ"
ಅಂದಳು ದೆಯೊಲಿಂಡಾ.

ಮಾರ್ಚಿಯಲ್ಲಿ ಅರವತ್ತಾರಕ್ಕೆ ಮೂವತ್ತೆಂಟು.
ಜೂನಿನಲ್ಲಿ ನಲವತ್ತೇಳು.
ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು,
ಮುನಿಸಿಕೊಂಡ ಓರಗಿತ್ತಿಯರು ಮದುವೆಮನೆಯಲ್ಲಿ
ಎದುರಾದ ಹಾಗೆ, ಅರೆಗಳಿಗೆ.
ನಾನು ಚಪ್ಪಾಳೆ ತಟ್ಟಿದೆ.
ಅವಳು ತಟ್ಟಲಿಲ್ಲ. ಅದಕ್ಕೆ ಎರಡು ಕೈ ಬೇಕಲ್ಲ.

"ಸರಿ, ಬ್ರೆಡ್ಡು ಕೊಯ್ಯುವುದು ಯಾರು?"
ಝೆಫೆರಿನೊ. ಈಗಲೂ ಅವನೇ.
ಬೆಳಿಗ್ಗೆ ಬೆನ್ನಿನ ಕೊಕ್ಕೆ ಹಾಕುವವನೂ ಅವನೇ,
ನಲವತ್ತು ವರ್ಷ ಬಿಚ್ಚುವುದನ್ನಷ್ಟೇ ಕಲಿತವನು.
ಏರಿದ ಒಂಬತ್ತು ಅಂಕ ಎಲ್ಲಿ ಹೋದವೋ,
ಅಡುಗೆಮನೆಗಂತೂ ಬರಲಿಲ್ಲ.

ಜುಲೈ ನಲವತ್ತೇಳು. ಆಗಸ್ಟು ನಲವತ್ತೇಳು.
"ಸ್ಥಗಿತ" ಎಂದು ಬರೆದು
ಕೊನೆಯ ಸಲ ಮನೆ ನೋಡಲು ಹೋದೆ.

ಮೂರನೇ ಮಹಡಿ. ಲಿಫ್ಟಿಲ್ಲ.
ಕಿಟಕಿಯಾಚೆ, ಬೀದಿಗೆ ಅಡ್ಡವಾಗಿ, ಬಟ್ಟೆಯ ಹಗ್ಗ.
ಒದ್ದೆ ಚಾದರವನ್ನು ಹೊಟ್ಟೆಯಿಂದ ಕಟ್ಟೆಗೊತ್ತಿ
ನಿಂತಿದ್ದಾಳೆ, ಹಲ್ಲಿನ ಸಾಲಿನಲ್ಲಿ ನಾಲ್ಕು ಕ್ಲಿಪ್ಪು,
ಎಡಗೈ ಒಂದೊಂದನ್ನೇ ಕಿತ್ತು ಸಿಕ್ಕಿಸುತ್ತಿದೆ.
ಬಲಗೈ?
ಬಿಚ್ಚದ ಬೆರಳುಗಳ ಆ ಮಡಿಕೆ,
ನಾನು ಆರು ತಿಂಗಳು ಬಿಡಿಸಲು ಹೆಣಗಿದ್ದು,
ಅದನ್ನೇ ಕೊಕ್ಕೆ ಮಾಡಿ ಹಗ್ಗಕ್ಕೆ ನೇತುಹಾಕಿದ್ದಾಳೆ.
ಹಗ್ಗ ತಗ್ಗಿ ಎದೆಮಟ್ಟಕ್ಕೆ ಬಂದಿದೆ,
ಸಾಕಿದ ಪ್ರಾಣಿಯ ಹಾಗೆ.

ನನ್ನ ಹಾಳೆಯಲ್ಲಿ ಇದಕ್ಕೆ ಚೌಕವಿಲ್ಲ.
ಭುಜ ಹೀಗೆ ತಿರುಚಬಾರದು,
ಚಳಿಗಾಲದಲ್ಲಿ ನೋಯುತ್ತದೆ, ಅಂದೆ.
ನಿಜವೇ ಅದು. ನೋಯುತ್ತದೆ.
ಬಾಯಿತುಂಬ ಕ್ಲಿಪ್ಪು, ಅವಳು ಉತ್ತರಿಸಲಿಲ್ಲ.

ಕೆಳಗೆ ಯಾರೋ ಬೂತಾಯಿ ಸುಡುತ್ತಿದ್ದರು.
ಹೊಗೆ ಏರಿ ಬಂತು. ಒಗೆದ ಚಾದರಕ್ಕೆ ಮತ್ತೆ ಮೀನುನಾತ!
ಕ್ಲಿಪ್ಪುಗಳನ್ನು ಅಂಗೈಗೆ ಉಗುಳಿ
ಬೀದಿಗೆಲ್ಲ ಕೇಳುವಂತೆ ಬೈದಳು.
ಒಂದು ಜಾರಿ ಬಿತ್ತು.
ಹಿಡಿಯಹೋದೆ. ನೆಟ್ಟಗಿರುವ ನನ್ನ ಎರಡು ಕೈಗೂ ಸಿಗಲಿಲ್ಲ.

"ಹೋಗಿ ತಾ," ಅಂದಳು. "ಮೂರೇ ಮಹಡಿ.
ನಿನಗೆಷ್ಟು ಸೆಕೆಂಡು, ನೋಡೋಣ."