ಹದಿನೇಳನೇ ಗ್ಲಾಸು

ಗುಣಿ ತೋಡೋದು ನನ್ನ ಕೆಲಸ, ಎಣಿಸೋದು ಆಕಿದು.
ಅರ್ಧ ಗೇಣು ಆಳ, ಪ್ಲಾಸ್ಟಿಕ್ ಗ್ಲಾಸು ಕೂಡುವಷ್ಟು ಅಗಲ.
ಗ್ಲಾಸಿನ ತುಟಿ ನೆಲದ ತುಟಿಗೆ ಸರಿ ಹತ್ತಬೇಕು,
ಕೂದಲೆಳಿ ಎತ್ತರಾದರೂ ಜೇಡ ಸುತ್ತು ಹಾಕಿ ಹೋಗ್ತದ
ಅಂದಳು ಸುಮಯ್ಯಾ.

ಇಪ್ಪತ್ತೆರಡು ವರ್ಷ ಶಹಾಬಾದದ ಖಣಿಯೊಳಗ
ಪರ್ಸಿ ಎಬ್ಬಿಸಿದ ಕೈ ಇದು.
ಹಾರಿಯ ಸಪ್ಪಳಕ್ಕೇ ಹೇಳ್ತೀನಿ
ಕೆಳಗ ಎಷ್ಟು ಪದರ, ಯಾವುದು ಸೀಳ್ಯದ.
ಎಬ್ಬಿಸಿದ ಕಲ್ಲಿನ ಕೆಳಗ ಯಾರದೋ ಮನಿ ಇತ್ತು ಅಂಬೋದು
ನನ್ನ ಲೆಕ್ಕದಾಗ ಬಂದಿರಲಿಲ್ಲ.

ಇವು ಬಲಿ ಹೆಣೆಯೋ ಜಾತಿ ಅಲ್ಲ.
ಮಣ್ಣಿನ ಬಣ್ಣ ತೊಟ್ಟು ಮಣ್ಣಿನ ಮ್ಯಾಲೇ ಕೂಡ್ತಾವ.
ರಾತ್ರಿ ಹಣಿಗೆ ಬ್ಯಾಟ್ರಿ ಕಟ್ಟಿಕೊಂಡು ಹೋದರ
ತೊಗರಿ ಸಾಲಿನಾಗ ಕಣ್ಣೇ ಕಣ್ಣು,
ಯಾರೋ ಹಸಿರು ಸಕ್ಕರಿ ಚೆಲ್ಲಿದಂಗ.

ಕಾರ್ತೀಕದಾಗ ಒಂದು ಮುಂಜಾನಿ
ತಾಯಿ ಬೆನ್ನಿನಿಂದ ಇಳಿದ ಮರಿಗಳು, ಸಾಸಿವಿಗಿಂತ ಸಣ್ಣವು,
ಕರಿಕಿ ತುದಿಗೆ ಏರಿದವು.
ಎಂಟೂ ಕಾಲಿನ ತುದಿ ಮ್ಯಾಲೆ ನಿಂತು
ಅಂಡು ಮುಗಿಲಿಗೆ ಎತ್ತಿ ಎಳಿ ಬಿಟ್ಟವು.
ಬೀಡಿ ಹೊಗಿ ನೆಟ್ಟಗ ಏಳುವಂಥ ಗಾಳಿ,
ಇತ್ತು ಅನ್ನಂಗಿಲ್ಲ, ಇಲ್ಲ ಅನ್ನಂಗಿಲ್ಲ.
ನಾ ಬೀಡಿ ಆರಿಸೋದರಾಗ ಹುಲ್ಲು ಖಾಲಿ.

"ಎಲ್ಲಿಗೆ ಹೊಂಟಾವ?"
"ಅವಕ್ಕೂ ಗೊತ್ತಿಲ್ಲ ಕಾಕಾ.
ಒಯ್ಯೋದು ಗಾಳಿ. ಇಳಿದ ಮ್ಯಾಲೆ ಇರಬೇಕೋ ಬಿಡಬೇಕೋ,
ಅದು ಕಾಲಿನ ಮಾತು."

ನಮ್ಮ ಮುತ್ಯಾ ಕತ್ತಿ ಮ್ಯಾಲೆ ಹಾರಿ ಸುತ್ತಿಗಿ ಹೇರಿ ಈ ಕಡಿ ಬಂದವ.
ಚಲೋ ಕಲ್ಲು ಕಂಡು ನಿಂತ ಅಂತ ಅಪ್ಪ ಹೇಳ್ತಿದ್ದ.
ಕತ್ತಿ ಸತ್ತಲ್ಲಿ ನಿಂತ ಅಂತ ಅವ್ವ.

ವಾಡಿ ರಸ್ತೆಯ ಡಾಂಬರಿನ ಅಂಚಿಗೆ,
ಸಿಮೆಂಟ್ ಧೂಳು ಕೂತು ಹುಲ್ಲು ಸೈತ ಬೆಳ್ಳಗಾದಲ್ಲಿ,
ಗ್ಲಾಸಿಗೆ ನಾಲ್ಕು ಬಿದ್ದವು.
ಹದಿನೇಳನೇದಕ್ಕ ಒಂದೂ ಇಲ್ಲ.
ಹಳೇ ಖಣಿಯ ಆಚಿ ದಂಡಿ ಅದು,
ಬೇವಿನ ಎಲಿ ಮೂರು ಬೆರಳು ದಪ್ಪ,
ಪರ್ಸಿ ಚೂರು ಒಂದರ ಮ್ಯಾಲೊಂದು, ಒಳಗ ತಂಪು,
ತಿನ್ನಾಕ ಗೊದ್ದ, ಹುಳ, ಬೇಕಾದಷ್ಟು.
ಪ್ರತಿ ವಾರ ಆಕಿ ಸೊನ್ನಿ ಬರೀತಿದ್ದಳು.
ಸೊನ್ನಿ ಬರಿಯೂ ಮುಂದ ಒಂದು ಗಳಿಗಿ ಪೆನ್ನು ಅಲ್ಲೇ ನಿಲ್ತಿತ್ತು.
"ಜಾಗ ಕೆಟ್ಟಿಲ್ಲ. ಯಾರೂ ಇನ್ನಾ ಮುಟ್ಟಿಲ್ಲ ಅನಸ್ತದ."

ಶಿವರಾತ್ರಿ ಕಳೆದ ಮ್ಯಾಲೆ ನಾ ಒಂದು ತಪ್ಪು ಮಾಡಿದೆ.
ನಮ್ಮ ಬಚ್ಚಲ ಕಲ್ಲಿನ ಕೆಳಗ ಒಂದು ಹೆಣ್ಣು,
ಹಿಂದ ತತ್ತಿಚೀಲ ಕಟ್ಟಿಕೊಂಡು ಅಡ್ಡಾಡ್ತಿತ್ತು.
ಕಡ್ಡಿಪೆಟ್ಟಿಗಿಯೊಳಗ ಹಾಕಿಕೊಂಡು ಸೈಕಲ್ ಮ್ಯಾಲೆ ಒಯ್ದು
ಬೇವಿನ ಎಲಿಯಾಗ ಬಿಟ್ಟೆ.
ಬೀಳಬಾರದು ಅಂತ ಗ್ಲಾಸಿಗೆ ಕಲ್ಲು ಮುಚ್ಚಿದೆ.
ಹೆಣ್ಣು ಕೊಟ್ಟ ಮನಿ ನೋಡಿ ಬರೋರಂಗ ಎರಡು ಸಲ ತಿರುಗಿ ನೋಡಿದೆ.

ಎಂಟು ದಿನಕ್ಕ ಹೋಗಿ ಕಲ್ಲು ಎತ್ತಿದೆ. ಎಲ್ಲಾ ಕಲ್ಲೂ ಎತ್ತಿದೆ.
ಇಲ್ಲ.
ಸಿಕ್ಕದ್ದು ನಲವತ್ತು ಹೆಜ್ಜಿ ಆಚಿಗೆ,
ಬಟಾಬಯಲು ಎರಿಹೊಲದಾಗ, ಒಂದು ಬಿರುಕಿನ ಬಾಯಾಗ,
ಬೆನ್ನ ತುಂಬ ಮರಿ ಹೊತ್ತುಕೊಂಡು.
ನೆಳ್ಳು ಇಲ್ಲ, ಎಲಿ ಇಲ್ಲ.
ಅದೇ ಇತ್ತೋ ಬ್ಯಾರೆದೋ, ಆಣಿ ಮಾಡಿ ಹೇಳಲಾರೆ.
ನಾ ಬಗ್ಗಿದ್ದಕ್ಕ ಒಳಗ ಇಳೀತು.
ಕೈ ಇಟ್ಟು ನೋಡಿದೆ. ಬಿರುಕಿನಿಂದ ತಣ್ಣಗ ಉಸುರು ಬರ್ತಿತ್ತು.

ಸುಮಯ್ಯಾಗ ಹೇಳಲೇಬೇಕಾಯ್ತು.
ಬಾಳೊತ್ತು ಮಾತಾಡಲಿಲ್ಲ.
ಹದಿನೇಳರ ಸಾಲಿನ ಮ್ಯಾಲೆ ಪಟ್ಟಿ ಇಟ್ಟು ಗೆರಿ ಎಳೆದು
"ಈ ತಿಂಗಳ ಲೆಕ್ಕ ಹಾಳು ಮಾಡಿದಿ ಕಾಕಾ" ಅಂದಳು.
ಚೀಲ ಹೆಗಲಿಗೆ ಹಾಕಿಕೊಂಡು ಹತ್ತು ಮಾರು ಹೋದಕಿ
ತಿರುಗಿ ನಿಂತು,
"ಎಷ್ಟು ಹೆಜ್ಜಿ ಅಂದಿ?"
"ನಲವತ್ತು."
"ನಿನ್ನ ಹೆಜ್ಜಿ ಬಿಡು. ಅದರ ಹೆಜ್ಜೀಲೆ?"