ಮುಖ ತಿರುಗಿಸಿ ನಿಂತದ್ದು

ಕೊಯಿಪ್ಪಾಡಿ ಕಡಪ್ಪುರದಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಮ್ಮಿ.
ಸ್ಟೀಲಿನ ಸ್ಕ್ರೂ ಹಾಕಿ, ಸಂದುಸಂದಿಗೂ ಸಿಲಿಕೋನ್ ಬಳಿದು
ನಾಲ್ಕು ಕಣ್ಣು ಕೂರಿಸಿದೆ ಲೀಲಾಕ್ಷಿಯಕ್ಕನ ಮನೆಗೆ.
ಗೇಟಿಗೊಂದು, ಹಿಂಬಾಗಿಲಿಗೊಂದು,
ಬಲೆ ಇಡುವ ಶೆಡ್ಡಿಗೊಂದು,
ಮತ್ತೆ, ಇಷ್ಟಕ್ಕೆಲ್ಲ ಕಾರಣವಾದ ಆ ಮರದ ಸ್ಟ್ಯಾಂಡಿಗೊಂದು:
ಆಟಿಯ ರಾತ್ರಿ ದೋಣಿಯ ಇಂಜಿನು ಅಲ್ಲಿಂದಲೇ
ನಡೆದುಹೋದದ್ದು.

"ಇಂಜಿನಿಗೆ ಕಾಲುಂಟಾ? ಹೊತ್ತವನಿಗುಂಟಲ್ಲ,
ಆ ಕಾಲು ನನಗೆ ಕಾಣಬೇಕು,
ಮಾರ್ಕೆಟಿನಲ್ಲಿ ಕೂತಲ್ಲಿಗೇ."
ಏಣಿ ಹಿಡಿದುಕೊಂಡೇ ನಕ್ಕಳು:
"ಹೆಸರಲ್ಲೇ ಕಣ್ಣಿಟ್ಟು ಹೋಗಿದ್ದರು ಅಮ್ಮ,
ಸಾಕಾಗಲಿಲ್ಲ ನೋಡು."

ಶೆಡ್ಡಿನ ಕ್ಯಾಮರಾ ಸ್ವಲ್ಪ ಅತಿ ಮಾಡಿತು.
ಬೇಲಿ ದಾಟಿ, ಬೀಫಾತಿಮ್ಮನ ಬಾವಿಕಟ್ಟೆ ಪೂರಾ.
"ಅವಳು ಅಲ್ಲಿ ಕೂದಲು ಒಣಗಿಸುವುದು ಮಾರಾಯ, ಮುಚ್ಚು."
ಮುಚ್ಚಬಹುದು. ಬೆರಳೆಳೆದರೆ ಸಾಕು,
ಚಿತ್ರದ ಮೂಲೆಗೆ ಒಂದು ಕರಿಯ ಚೌಕ,
ಆಮೇಲೆ ಅಷ್ಟು ಜಾಗ ಯಾರ ಕಣ್ಣಿಗೂ ಇಲ್ಲ.
ಲೀಲಾಕ್ಷಿಯಕ್ಕ ಫೋನನ್ನು ಬೇಲಿಯ ಮೇಲಿಂದ ಚಾಚಿ ತೋರಿಸಿದಳು.
"ಕೊಡ ಕಾಣ್ತದಾ?" ಬೀಫಾತಿಮ್ಮ ಕೇಳಿದಳು.
"ಕೊಡವೂ ಇಲ್ಲ."
"ಹಾಗಾದರೆ ನನ್ನ ಕೊಡ ಹೋದರೆ?"
ಇದಕ್ಕೆ ನನ್ನಲ್ಲಿ ಸೆಟ್ಟಿಂಗ್ ಇರಲಿಲ್ಲ.

ರೆಕಾರ್ಡರನ್ನು ಅಟ್ಟದ ಮೇಲೆ, ಹರಿದ ಬಲೆಗಳ ರಾಶಿಯ ಪಕ್ಕ,
ಗಾಳಿಯಾಡುವಷ್ಟು ಜಾಗ ಬಿಟ್ಟು ಇಟ್ಟೆ.
ಟಿವಿಯ ಕೆಳಗೆ ಇಡಬಾರದು,
ಕಳ್ಳ ಮೊದಲು ಕೈಹಾಕುವುದೇ ಅಲ್ಲಿ.

ಆಮೇಲೆ ಕಷ್ಟದ ಕೆಲಸ. ಪಾಸ್‌ವರ್ಡು.
ಕಂಪೆನಿ ಕೊಟ್ಟದ್ದು ಜಗತ್ತಿಗೇ ಗೊತ್ತು,
ಬದಲಿಸದಿದ್ದರೆ ಬಾಗಿಲಿಗೆ ಬೀಗ ಹಾಕಿ
ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ.
"ದೋಣಿಯ ನಂಬರ್ ಹಾಕು," ಅಂದಳು.
ದೋಣಿಯ ಮೇಲೆಯೇ ಬರೆದುಂಟಲ್ಲ ಅಕ್ಕ, ಆಳೆತ್ತರಕ್ಕೆ.
"ಮಗಳು ಹುಟ್ಟಿದ ತಾರೀಕು?"
ಮದುವೆ ಕಾಗದಕ್ಕೆ ಜಾತಕ ಕೊಟ್ಟಿದ್ದೀರಿ ಊರಿಡೀ.
"ಗಂಡನ ಹೆಸರು?"
ರೇಷನ್ ಕಾರ್ಡಿನಲ್ಲುಂಟು.
ಊರಿಗೆ ಗೊತ್ತಿಲ್ಲದ್ದು ಬೇಕು, ನಿಮಗೆ ಮರೆಯದ್ದು,
ಹನ್ನೆರಡಕ್ಷರಕ್ಕೆ ಕಮ್ಮಿಯಿಲ್ಲದ್ದು.

ಅವಳು ಸುಮ್ಮನಾದಳು.
ಐವತ್ತೆರಡು ವರ್ಷದಲ್ಲಿ
ಅವಳಲ್ಲಿ ಅಂಥದ್ದೇನಾದರೂ ಉಳಿದಿದೆಯಾ ಎಂದು
ಬುಟ್ಟಿಯ ತಳದವರೆಗೂ ಕೈಯಾಡಿಸಿದ ಹಾಗೆ ಸುಮ್ಮನಾದಳು.
ಮಂಗಳೂರಿನ ರೈಲು ಹೋಯಿತು. ಚಾ ಆರಿತು.
ಮತ್ತೆ ತುಟಿಯ ಒಂದೇ ಬದಿಯಲ್ಲಿ ನಗೆ ಬಂತು.
"ನೀನು ಆಚೆ ತಿರುಗು."

ತಿರುಗಿದೆ.
ಗೋಡೆಯಲ್ಲಿ ಹಳೇ ಕ್ಯಾಲೆಂಡರು, ಕಿಟಕಿಯಲ್ಲಿ ಕಡಲು.
ಹಿಂದೆ ತೋರುಬೆರಳೊಂದು ಟಕ್, ಟಕ್,
ನಿಂತು, ಒಂದು ಅಳಿಸಿ, ಮತ್ತೆ ಟಕ್.
ನನ್ನ ಕಸುಬಿನಲ್ಲಿ ಕಣ್ಣು ಕೂರಿಸುವುದು ಸುಲಭ,
ಯಾರು ಬೇಕಾದರೂ ಡ್ರಿಲ್ಲು ಹಿಡಿಯಬಹುದು.
ಹೀಗೆ ಬೆನ್ನು ತೋರಿಸಿ ನಿಲ್ಲುವುದಕ್ಕೇ
ನಾನು ಕೂಲಿ ತೆಗೆದುಕೊಳ್ಳುವುದು.

ಕಡೆಗೆ ನನ್ನ ಫೋನನ್ನು ಪಟ್ಟಿಯಿಂದ ಅಳಿಸಿದೆ, ಅವಳೆದುರೇ.
"ಇನ್ನು ನಿನಗೂ ಕಾಣುವುದಿಲ್ಲವಾ?"
ಇಲ್ಲ ಅಕ್ಕ.
"ಛೆ, ಮಳೆ ಬಂದರೆ ಬಟ್ಟೆ ತೆಗಿ ಅಂತ ಹೇಳುವವರಿಲ್ಲ ಹಾಗಾದರೆ."

ಹದಿನೈದು ದಿನಕ್ಕೆ ಫೋನು ಬಂತು.
ದಿನಾ ರಾತ್ರಿ ಎರಡೂವರೆಗೆ ಅಲಾರಂ, ಎಂಟು ಕಾಲಿನ ಕಳ್ಳ,
ಗಾಜಿನ ಮುಂದೆಯೇ ಬಲೆ ಹೆಣೆದಿದೆ.
ಒರೆಸಿಬಿಡಿ ಅಂದೆ.
"ಬಲೆ ಕಡಿದರೆ ಅದರ ಹೊಟ್ಟೆಗೆ?" ಅಂದಳು ಮೊದಲು,
ಆಮೇಲೆ "ನಿದ್ದೆಯೂ ಬೇಕಲ್ಲ ಮನುಷ್ಯನಿಗೆ" ಎಂದು
ಹಿಡಿಸೂಡಿ ತೆಗೆದುಕೊಂಡಳಂತೆ.

ಬಾಕಿ ಎಂಟುನೂರಕ್ಕೆ ಬಂಗುಡೆ ಕೊಡುತ್ತಿದ್ದಾಳೆ, ಕಂತಿನಲ್ಲಿ.
ಕುಂಬಳೆ ಮಾರ್ಕೆಟಿನಲ್ಲಿ, ತಕ್ಕಡಿಗೆ ಒರಗಿಸಿದ ಫೋನು.
ಮಂಜುಗಡ್ಡೆಯ ನೀರು ಸಿಡಿದ ಗಾಜಿನೊಳಗೆ
ಬೂದುಬಣ್ಣದ ಒಂದು ಅಂಗಳ,
ಹೊಸ ಇಂಜಿನು, ಅದಕ್ಕೆ ಹೊದಿಸಿದ ಗೋಣಿ,
ಮೂಲೆಯಲ್ಲಿ ಬೀಫಾತಿಮ್ಮನ ಕರಿಯ ಚೌಕ.
ಗಿರಾಕಿಗೆ ಮೀನು ಕೊಯ್ಯುತ್ತ, ಮೊಣಕೈಯಿಂದಲೇ ಅತ್ತ ತೋರಿಸಿ
ಹೇಳುತ್ತಾಳೆ ಲೀಲಾಕ್ಷಿಯಕ್ಕ,
ಹದಿನೆಂಟು ಸಾವಿರ ಕೊಟ್ಟವಳ ಗತ್ತಿನಲ್ಲಿ:
"ನನ್ನ ಮನೆ. ನೋಡಿ,
ಯಾರೂ ಇಲ್ಲ."