ಹದಿನೈದನೆಯ ವರ್ಷದ ಅಳತೆ

ಹಸಿರು ರಟ್ಟಿನ ರಿಜಿಸ್ಟರಿನಲ್ಲಿ
ಐವತ್ತಾರು ಜನ, ನೂರಾ ಹನ್ನೆರಡು ಮಂಡಿ.
ಒಬ್ಬೊಬ್ಬರ ಎರಡು ಕಾಲಿಗೆ ಎರಡು ಬಗೆಯ ಕೀಲು.
ಒಂದರ ತಟ್ಟೆ ಕದಲುವುದಿಲ್ಲ,
ಇನ್ನೊಂದರದು ಕಾಲು ತಿರುಗಿದತ್ತ ಚೂರು ತಿರುಗುತ್ತದೆ.
ಯಾವುದು ಯಾವ ಕಾಲಲ್ಲಿ ಎಂದು
ಕಾಲಿನವರಿಗೂ ಹೇಳಿಲ್ಲ, ಅಳೆಯುವ ನನಗೂ ಹೇಳಿಲ್ಲ.
ಲಕೋಟೆಗಳು ಕಪಾಟಿನಲ್ಲಿ,
ಕಪಾಟಿನ ಬೀಗಕ್ಕೆ ತುಕ್ಕು.

ವಿರಾಜಪೇಟೆಯ ಗಡಿಯಾರ ಹತ್ತು ಹೊಡೆಯುವ ಮೊದಲೇ
ದೇಚವ್ವ ಬಂದು ಕೂತಿರುತ್ತಾರೆ.
ಎಂಬತ್ತೊಂದು. ಬಿರುನಾಣಿಯಿಂದ ತೆರಾಲಿನವರೆಗೆ
ಮೂವತ್ತು ವರ್ಷ ನಡೆದ ಸೂಲಗಿತ್ತಿ ನರ್ಸು.
ಮಂಡಿಗಳಿಗೆ ಹೆಸರಿಟ್ಟಿದ್ದಾರೆ:
ಎಡದ್ದು ಪೊನ್ನಂಪೇಟೆ, ಮಾತಿಲ್ಲ.
ಬಲದ್ದು ಗೋಣಿಕೊಪ್ಪ,
ಸಂತೆಯ ದಿನ, ಸಂತೆಯಿಲ್ಲದ ದಿನ, ಯಾವಾಗಲೂ ಟಕ್ ಟಕ್.

ನಾನು ಕೋನಮಾಪಕ ಹಿಡಿಯುತ್ತೇನೆ.
ಎಡ ನೂರ ಹದಿನೆಂಟು, ಬಲ ನೂರ ಹದಿನಾರು.
ಎರಡು ಡಿಗ್ರಿ ವ್ಯತ್ಯಾಸ;
ನನ್ನ ಕಣ್ಣು ತಪ್ಪುವುದೇ ಐದು ಡಿಗ್ರಿ.
ಎಕ್ಸ್‌ರೇಯಲ್ಲಿ ಸಿಮೆಂಟು ಎಲ್ಲೂ ಬಿಟ್ಟುಕೊಂಡಿಲ್ಲ,
ಪ್ಲಾಸ್ಟಿಕ್ ಸವೆದದ್ದು ಕೂದಲೆಳೆಯಷ್ಟು, ಎರಡೂ ಕಡೆ.

ಪ್ರಶ್ನಾವಳಿ ಓದುತ್ತೇನೆ.
ಕಳೆದ ನಾಲ್ಕು ವಾರಗಳಲ್ಲಿ
ಮಂಡಿಯೂರಿ ಮತ್ತೆ ಏಳಲು ಆಯಿತೇ?
“ಮಂಡಿಯೂರಿ ಸಾವಿರ ಮಕ್ಕಳನ್ನು ಹಿಡಿದಿದ್ದೇನೆ,
ಇನ್ನು ಯಾರಿಗೆಂದು ಊರಲಿ? ‘ಇಲ್ಲ’ ಅಂತ ಬರಿ.”
ಮೆಟ್ಟಿಲು ಇಳಿಯುವಾಗ ನೋವೇ?
“ನೋವಿಲ್ಲ. ಆದರೆ ಮೊದಲು ಇಳಿಯುವುದು ಗೋಣಿಕೊಪ್ಪ.
ಪೊನ್ನಂಪೇಟೆ ಮೇಲೆ ನಿಂತು ನನ್ನನ್ನು ಹಿಡಿದುಕೊಳ್ಳುತ್ತದೆ.”
ಇದಕ್ಕೆ ಅಂಕವಿಲ್ಲ. ನಾನು ‘ನೋವಿಲ್ಲ’ಕ್ಕೆ ಗುರುತು ಹಾಕುತ್ತೇನೆ.

ಗೋಡೆಯ ಮೇಲೆ ಉಳಿವಿನ ರೇಖೆ,
ಎರಡು ಬಣ್ಣ, ಹದಿನೈದು ವರ್ಷ,
ಒಂದರ ಮೇಲೊಂದು ಬಿದ್ದು ಒಂದೇ ಬಣ್ಣದಂತೆ ಕಾಣುತ್ತವೆ.
ಸಡಿಲವಾಗಿ ಬದಲಿಸಬೇಕಾದಲ್ಲಿ ರೇಖೆ ಒಂದು ಮೆಟ್ಟಿಲು ಇಳಿಯುತ್ತದೆ.
ಸತ್ತವರಿಗೆ ಇಳಿಯುವುದಿಲ್ಲ, ಬರೀ ಒಂದು ಸಣ್ಣ ಅಡ್ಡಗೀಟು.
ಕೊಂಡಂಗೇರಿಯ ಬಾಳೆಕಾಯಿ ವ್ಯಾಪಾರಿ ಮೊಯಿದು
ಹನ್ನೆರಡನೆಯ ವರ್ಷದಲ್ಲಿ ಅಡ್ಡಗೀಟಾದ.
ಅವನ ಮಂಡಿಗಳು ಸೋತಿಲ್ಲ;
ಲೆಕ್ಕದ ಪ್ರಕಾರ ಅವು ಮಣ್ಣಿನಲ್ಲಿ ಚೆನ್ನಾಗಿವೆ.

ಇವತ್ತು ಲಕೋಟೆ ಒಡೆಯುವ ದಿನ.
ಕತ್ತರಿ ಸಿಗದೆ ಪೆನ್ನಿನಿಂದ ಹರಿದೆ.
ದೇಚವ್ವನದರಲ್ಲಿ ಮುದ್ರಿತ ಚೀಟಿಯ ಹಿಂದೆ
ಡಾಕ್ಟರ್ ಪಳಂಗಪ್ಪನವರ ವಾಲಿದ ಅಕ್ಷರ
(ಅವರೂ ಹೋಗಿ ಆರು ವರ್ಷ):
“ತಿತಿಮತಿಯಲ್ಲಿ ಮರ ಬಿದ್ದು ಮೈಸೂರಿನ ಡಬ್ಬ ಬಂದಿಲ್ಲ.
ರೋಗಿಗೆ ಅರಿವಳಿಕೆ ಕೊಟ್ಟಾಗಿದೆ.
ಎರಡಕ್ಕೂ ಒಂದೇ. ಕದಲದ್ದು.”

ನಾನು ಮೂರು ಸಲ ಓದಿದೆ.
ಹದಿನೈದು ವರ್ಷ ಬರೆದುಕೊಂಡೆ:
ಎಡ ಮೌನಿ, ಬಲ ವಾಚಾಳಿ,
ಒಂದನ್ನು ನಂಬಿದವರು, ಇನ್ನೊಂದನ್ನು ಮುಂದೆ ಕಳಿಸಿದವರು.
ಹೇಳಬಾರದಿತ್ತೇನೋ. ಹೇಳಿದೆ.

ಅವರು ಸೆರಗಿನ ಪಿನ್ನು ಸರಿಮಾಡಿಕೊಂಡರು.
“ಅವಳಿಗಳನ್ನೂ ಹಿಡಿದಿದ್ದೇನಲ್ಲ ಮಗ,
ಒಂದೇ ಚೀಲ, ಒಂದೇ ಮಾಸು.
ಬೆನ್ನಿಗೆ ತಟ್ಟಿದರೆ ಒಂದು ಕಿರುಚುತ್ತದೆ,
ಇನ್ನೊಂದು ‘ಯಾಕೆ ತಟ್ಟಿದೆ’ ಅಂತ ನೋಡುತ್ತದೆ.”
ಆಮೇಲೆ, ಬಾಗಿಲ ಬಳಿ ನಿಂತು:
“ಆ ಡಬ್ಬದ್ದು ಯಾರಿಗೆ ಹೋಯಿತು?”
ರಿಜಿಸ್ಟರ್ ತಿರುವಿದೆ.
ಡಬ್ಬ ಬಂದದ್ದು ಮಾರನೆಯ ದಿನ. ಮೊದಲ ಹೆಸರು ಮೊಯಿದು.
“ಹಾಗಾದರೆ ನನ್ನದೊಂದು ಕೊಂಡಂಗೇರಿಯಲ್ಲಿ ಮಲಗಿದೆ”
ಎಂದರು, ಪರಿಚಿತರ ಸುದ್ದಿ ಕೇಳಿದವರಂತೆ.

ಹತ್ತೊಂಬತ್ತು ಮೆಟ್ಟಿಲು.
ಮೊದಲನೆಯದರ ತುದಿಯಲ್ಲಿ ಒಂದು ಕ್ಷಣ
ಎರಡು ಕಾಲನ್ನೂ ನೋಡಿಕೊಂಡರು.
ಟಕ್.
ಗೋಣಿಕೊಪ್ಪವೇ.